ಕಡೆಗೆ ಕೈಯಿಟ್ಟದ್ದು ಎಲ್ಲಿ?

ಕೆಟ್ಟುಹೋದ ವಸ್ತುವನ್ನು ಸರಿಪಡಿಸುವುದು ಒಂದು ಬಗೆಯ ಕಷ್ಟ. ಸರಿಪಡಿಸಿದೆವೆಂದು ಸಮಾಧಾನಗೊಂಡು ಕೈ ತೊಳೆದುಕೊಂಡ ಬಳಿಕ ಅದೇ ವಸ್ತು ಮತ್ತೊಂದು ರೀತಿಯಲ್ಲಿ ಕೆಟ್ಟು ನಿಂತರೆ ಅದು ಇನ್ನೊಂದು ಬಗೆಯ ಕಷ್ಟ. ಮೊದಲನೆಯದಕ್ಕೆ ಕಾಲವನ್ನೋ ಸವೆತವನ್ನೋ ಹೊಣೆ ಮಾಡಬಹುದು. ಎರಡನೆಯದಕ್ಕೆ ಹೊಣೆ ಯಾರೆಂದು ಹುಡುಕುತ್ತ ಹೋದರೆ ದಾರಿಯು ಬಳಸಿ ಬಳಸಿ ನಮ್ಮ ಮನೆಯಂಗಳಕ್ಕೇ ಬಂದು ನಿಲ್ಲುತ್ತದೆ. 2020ರ ಏಪ್ರಿಲ್ ತಿಂಗಳಲ್ಲಿ ಮನೆಯ ಹಳೆಯ ಕಾರಿಗೆ ಕೈಯಾರೆ ಹೊಸ ಕ್ಲಚ್ಚು ಹಾಕಹೊರಟು ನಾವು ಪಟ್ಟ ಪಾಡು ಕಲಿಸಿದ ಪಾಠವಿದು. ಓದುಗ ಬಂಧುಗಳಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದೀತೆಂಬ ಆಸೆಯಿಂದ ಬರೆಯುತ್ತಿದ್ದೇವೆ.

ಇಲ್ಲಿ ‘ನಾವು’ ಎಂದರೆ ಅಣ್ಣತಮ್ಮಂದಿರಿಬ್ಬರು. ಒಬ್ಬನು ಕಾಸರಗೋಡಿನ ಕನ್ನಡ ಶಾಲೆಯೊಂದರಲ್ಲಿ ಮೂರು ದಶಕ ಪಾಠ ಹೇಳಿ ನಿವೃತ್ತನಾದವನು; ಇನ್ನೊಬ್ಬನು ಹಿರಿಯರು ಬಿಟ್ಟುಹೋದ ಅಡಕೆ ತೋಟವನ್ನು ನೋಡಿಕೊಂಡಿರುವವನು. ಮನೆ ಬದಿಯಡ್ಕದಿಂದ ಒಳಗೆ, ಗುಡ್ಡದ ಬುಡದಲ್ಲಿದೆ. ಡಾಮರು ರಸ್ತೆಯಿಂದ ಅಂಗಳಕ್ಕೆ ಇಳಿಯುವ ಮಣ್ಣಿನ ದಾರಿ ಇಳಿಯುವವರಿಗೆ ಸುಖ, ಏರುವವರಿಗೆ ಸಂಕಟ. ಆ ಏರನ್ನು ಹದಿನೆಂಟು ವರ್ಷಗಳಿಂದ ದಿನನಿತ್ಯ ಹತ್ತುತ್ತಿದ್ದುದು ನಮ್ಮ ಮಾರುತಿ 800. 1983ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರಸ್ತೆಗಿಳಿದು, 2014ರಲ್ಲಿ ತಯಾರಿಕೆ ನಿಂತುಹೋದ ಈ ಪುಟ್ಟ ವಾಹನದ ಪರಿಚಯ ಯಾರಿಗೆ ತಾನೆ ಇಲ್ಲ! ನಮ್ಮದು 2002ರದು, ತೀರ್ಥರೂಪರು ಕೊಂಡದ್ದು. ಅವರು ತೀರಿಹೋದ ಮೇಲೆ ಅದು ನಮ್ಮ ಪಾಲಿಗೆ ವಾಹನ ಮಾತ್ರವಾಗಿರಲಿಲ್ಲ.

ಆ ವರ್ಷ ಅದರ ಅಗತ್ಯ ಎಂದಿಗಿಂತಲೂ ಹೆಚ್ಚಾಗಿತ್ತು. ಎಂಬತ್ತು ದಾಟಿದ ಅಮ್ಮನಿಗೆ ಬಹುಕಾಲದಿಂದ ಸಕ್ಕರೆಯ ಕಾಯಿಲೆ. ಜನವರಿಯಲ್ಲಿ ತೋಟದ ಕಡೆಗೆ ಹೋದಾಗ ಬಲಗಾಲಿನ ಅಡಿಗೆ ಆದ ಗಾಯ ಮಾಯದೆ ಹುಣ್ಣಾಗಿತ್ತು. ಕಾಸರಗೋಡಿನ ಉತ್ತರ ಭಾಗದವರಾದ ನಮಗೆ ದೊಡ್ಡ ಆಸ್ಪತ್ರೆಯೆಂದರೆ ತಲೆತಲಾಂತರದಿಂದ ಮಂಗಳೂರು. ಅಲ್ಲಿನ ವೈದ್ಯರಲ್ಲಿಗೆ ಕೆಲವು ಸಲ ಕರೆದುಕೊಂಡು ಹೋಗಿದ್ದೆವು. ಅಷ್ಟರಲ್ಲಿ ಕೊರೋನಾ ಬಂತು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ತಲಪಾಡಿಯಲ್ಲಿ ಹೆದ್ದಾರಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ನಿನ್ನೆಯವರೆಗೆ ನೆರೆಯೂರಾಗಿದ್ದ ಮಂಗಳೂರು ಒಂದೇ ರಾತ್ರಿಯಲ್ಲಿ ಪರದೇಶವಾಯಿತು. ಗಡಿಯೆಂಬುದು ಭೂಪಟದಲ್ಲಿ ಎಳೆದ ಗೆರೆಯೆಂದು ಮಕ್ಕಳಿಗೆ ಪಾಠ ಹೇಳುತ್ತಿದ್ದವರಿಗೆ ಅದರ ದಪ್ಪ ಎಷ್ಟೆಂಬುದು ಅಂದು ತಿಳಿಯಿತು. ಇನ್ನು ಉಳಿದದ್ದು ಕಾಸರಗೋಡು ಪೇಟೆಯ ವೈದ್ಯರು. ಏಪ್ರಿಲ್ 16ರ ಗುರುವಾರ ಬೆಳಗ್ಗೆ ಕರೆತರಬೇಕೆಂದೂ, ಕಾಲಿನ ವಿಷಯದಲ್ಲಿ ತಡಮಾಡಬಾರದೆಂದೂ ಅವರು ಫೋನಿನಲ್ಲಿ ತಿಳಿಸಿದ್ದರು.

ಏಪ್ರಿಲ್ 4ರ ಶನಿವಾರ, ಔಷಧ ತರಲೆಂದು ಹೊರಟ ಕಾರು ಏರಿನ ನಡುವೆ ನಿಂತಿತು. ಎಂಜಿನು ಬೊಬ್ಬಿರಿಯುತ್ತಿದೆ, ಚಕ್ರ ಮುಂದೆ ಹೋಗುತ್ತಿಲ್ಲ, ಸುಟ್ಟ ವಾಸನೆ ಮೂಗಿಗೆ ಅಡರುತ್ತಿದೆ. ಕ್ಲಚ್ಚು ಸವೆದಿದೆಯೆಂಬುದು ನಮಗೆ ತಿಳಿಯದ ಸಂಗತಿಯೇನಲ್ಲ. ಫೆಬ್ರವರಿಯಲ್ಲಿಯೇ ಮಂಗಳೂರಿನಿಂದ ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು ಮೂರನ್ನೂ ತಂದು, ಮಾರ್ಚ್ ಕೊನೆಗೆ ಹಾಕಿಸುವುದೆಂದು ಬದಿಯಡ್ಕದ ಗ್ಯಾರೇಜಿನ ಮೇಸ್ತ್ರಿಯೊಡನೆ ಮಾತಾಗಿತ್ತು. ಆದರೆ ಈಗ ಗ್ಯಾರೇಜು ಮುಚ್ಚಿದೆ, ಮೇಸ್ತ್ರಿ ಮನೆಯಿಂದ ಹೊರಬರುವಂತಿಲ್ಲ. ಆಟೋರಿಕ್ಷಾಗಳಿಲ್ಲ. ಜೀಪು ಇದ್ದ ನೆರೆಯವರೊಬ್ಬರು ಒಮ್ಮೆ ನೆರವಾದರು. ಎರಡನೆಯ ಸಲ ಕೇಳಲು ನಮಗೆ ಬಾಯಿ ಬರಲಿಲ್ಲ. ಅವರ ಮನೆಯಲ್ಲಿಯೂ ಮುದುಕರಿದ್ದರು, ಹಸುಳೆಯಿತ್ತು. ಹೀಗಾಗಿ ಸೋಮವಾರ ಬೆಳಗ್ಗೆ ಕೊಟ್ಟಿಗೆಯ ಬದಿಯ ಮಾಡಿನಡಿಯಲ್ಲಿ ಕಾರನ್ನು ನಿಲ್ಲಿಸಿ ನಾವೇ ಕೆಲಸಕ್ಕೆ ಕೈಹಚ್ಚಿದೆವು.

ಕ್ಲಚ್ಚೆಂದರೇನೆಂಬುದನ್ನು ಅರಿಯದವರಿಗಾಗಿ ಎರಡು ಮಾತು. ಎರಡು ಅಂಗೈಗಳ ನಡುವೆ ಒಂದು ಹಪ್ಪಳವನ್ನು ಒತ್ತಿಹಿಡಿದಿರುವಂತೆ ಭಾವಿಸಿರಿ. ಅಂಗೈಗಳು ತಿರುಗಿದರೆ ಹಪ್ಪಳವೂ ತಿರುಗುತ್ತದೆ. ಅಂಗೈಗಳ ನಡುವೆ ಕೂದಲೆಳೆಯಷ್ಟು ಎಡೆ ಬಿಟ್ಟರೆ ಹಪ್ಪಳವು ತನ್ನ ಪಾಡಿಗೆ ತಾನು ನಿಲ್ಲುತ್ತದೆ. ಎಂಜಿನಿಗೆ ಅಂಟಿಕೊಂಡು ತಿರುಗುವ ಫ್ಲೈವೀಲು ಒಂದು ಅಂಗೈ, ಸ್ಪ್ರಿಂಗಿನ ಬಲವಿರುವ ಪ್ರೆಶರ್ ಪ್ಲೇಟು ಇನ್ನೊಂದು. ನಡುವಣ ಹಪ್ಪಳವೇ ಕ್ಲಚ್ ಪ್ಲೇಟು. ಅದರ ನಡುವಿನ ಹಲ್ಲುಗಳಲ್ಲಿ ಗೇರ್‌ಬಾಕ್ಸಿನ ಶಾಫ್ಟು ಕುಳಿತಿರುತ್ತದೆ. ಕಾಲಿನಿಂದ ಪೆಡಲು ತುಳಿದಾಗ ಒಂದು ಕೇಬಲು ಎಳೆದು, ಆ ಎಳೆತಕ್ಕೆ ಒಂದು ತೋಳು ಹೊರಳಿ, ತೋಳು ರಿಲೀಸ್ ಬೇರಿಂಗನ್ನು ಒತ್ತಿ, ಅಂಗೈಗಳು ಬಿಡುತ್ತವೆ. ಇಷ್ಟೇ ಇದರ ಮರ್ಮ. ಹಪ್ಪಳ ಸವೆದರೆ ಹಿಡಿತ ತಪ್ಪಿ ಜಾರುತ್ತದೆ. ಅಂಗೈಗಳು ಸಾಕಷ್ಟು ಬಿಡದಿದ್ದರೆ ಗೇರು ಬೀಳುವುದಿಲ್ಲ. ಕ್ಲಚ್ಚಿನ ಕಾಯಿಲೆಗಳೆಲ್ಲ ಹೆಚ್ಚುಕಡಿಮೆ ಈ ಎರಡು ಮನೆತನಕ್ಕೆ ಸೇರಿದವು.

ಬಿಚ್ಚುವ ಕೆಲಸಕ್ಕೆ ಎರಡು ದಿನ ಹಿಡಿಯಿತು. ಬ್ಯಾಟರಿಯ ತಂತಿ ಕಳಚಿ, ಗೇರ್ ಎಣ್ಣೆಯನ್ನು ಡಬ್ಬಿಗೆ ಇಳಿಸಿ, ಕೇಬಲು, ಸ್ಟಾರ್ಟರು, ಗೇರಿನ ಸರಳು, ಎರಡು ಬದಿಯ ಡ್ರೈವ್ ಶಾಫ್ಟುಗಳು ಎಲ್ಲವನ್ನೂ ಬಿಡಿಸಿ, ಎಂಜಿನಿಗೆ ಅಡಿಯಿಂದ ಮರದ ತುಂಡಿನ ಆಧಾರ ಕೊಟ್ಟು, ಗೇರ್‌ಬಾಕ್ಸನ್ನು ಗೋಣಿಯ ಮೇಲೆ ಇಳಿಸಿದೆವು. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಜಾಕಿಯೊಂದನ್ನೇ ನಂಬಿ ಕಾರಿನಡಿಗೆ ನುಗ್ಗಬಾರದು. ನಮ್ಮೂರಿನಲ್ಲಿ ಕೈಗೆಟಕುವ ಮುರಕಲ್ಲನ್ನು ಆಧಾರವಾಗಿ ಇಡುವುದೂ ಅಪಾಯ. ಭಾರಕ್ಕೆ ಅದು ಫಕ್ಕನೆ ಒಡೆದೀತು. ನಾವು ಹಳೆಯ ಮನೆಯ ಹಲಸಿನ ತೊಲೆಯ ತುಂಡುಗಳನ್ನು ಅಡ್ಡಡ್ಡ ಪೇರಿಸಿ, ಬಿಚ್ಚಿದ ಚಕ್ರಗಳನ್ನು ಕಾರಿನಡಿಗೆ ಮಲಗಿಸಿ, ಆಮೇಲೆ ಒಳಗೆ ಹೋದೆವು. ಒಳಗಿನ ಕಪ್ಪು ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರಸಿದೆವು. ಹಳೆಯ ಪ್ಲೇಟುಗಳ ಧೂಳು ಶ್ವಾಸಕೋಶಕ್ಕೆ ಹಿತವಲ್ಲ.

ಬುಧವಾರ ಸಂಜೆ ಹೊಸದನ್ನು ಕೂರಿಸಿದೆವು. ಬೆಳಕು ಮಸಳಿಸಿತ್ತು. ಒಬ್ಬನು ಟಾರ್ಚು ಹಿಡಿದನು, ಒಬ್ಬನು ಪ್ಲೇಟು ಇಟ್ಟನು. ರಾತ್ರಿ ಒಂಬತ್ತು ಗಂಟೆಗೆ ಎಲ್ಲ ಬೋಲ್ಟುಗಳನ್ನು ಬಿಗಿದು, ಎಣ್ಣೆ ತುಂಬಿ, ಬೀಗದ ಕೈ ತಿರುವಿದಾಗ ಎಂಜಿನು ನಗುನಗುತ್ತ ಎದ್ದಿತು. ಮನೆಯ ಹೆಂಗಸರು ಜಗಲಿಗೆ ಬಂದು ನಿಂತರು. ಪೆಡಲು ತುಳಿದು ಗೇರು ಹಾಕಿದರೆ ಕರ್ರೆಂಬ ಶಬ್ದ! ಒಂದನೆಯ ಗೇರು ಬೀಳದು, ಎರಡನೆಯದೂ ಬೀಳದು. ಎಂಜಿನು ನಿಲ್ಲಿಸಿದರೆ ಎಲ್ಲವೂ ಬೆಣ್ಣೆಯಲ್ಲಿ ಬೆರಳಿಟ್ಟಂತೆ ಬೀಳುತ್ತವೆ. ಜಗಲಿಯಲ್ಲಿದ್ದವರು ಏನೂ ಹೇಳದೆ ಒಳಗೆ ಹೋದರು.

ಮರುದಿನ ಬೆಳಗ್ಗೆ ಮೇಸ್ತ್ರಿಗೆ ಫೋನು ಮಾಡಿದೆವು. ಆತನ ಮನೆಮಾತು ಮಲಯಾಳ, ನಮ್ಮೊಡನೆ ಕನ್ನಡ.

“ಎಂಜಿನು ಬಂದ್ ಇರುವಾಗ ಗೇರು ಬೀಳುತ್ತದಾ ಮಾಸ್ಟ್ರೇ?”

“ಬೀಳುತ್ತದೆ.”

“ಸ್ಟಾರ್ಟ್ ಇರುವಾಗ?”

“ಇಲ್ಲ.”

“ಹಾಗಾದರೆ ಗೇರಿಗೆ ಎಂತದೂ ಆಗಲಿಲ್ಲ. ಕ್ಲಚ್ಚು ಬಿಡುತ್ತಾ ಇಲ್ಲ. ಕಡೆಗೆ ಕೈಯಿಟ್ಟದ್ದು ಎಲ್ಲಿ, ಅಲ್ಲಿಂದ ಹಿಂದೆ ಹಿಂದೆ ನೋಡಿಕೊಂಡು ಹೋಗಿ. ಮೊದಲು ಹೊರಗಿನದ್ದು, ಮತ್ತೆ ಒಳಗಿನದ್ದು.”

ಆ ಒಂದು ವಾಕ್ಯದಲ್ಲಿ ಇಡಿಯ ವಿದ್ಯೆ ಅಡಗಿತ್ತು. ಆದರೆ ಅದನ್ನು ಪಾಲಿಸಬೇಕಾದ ನಮ್ಮ ಮನಸ್ಸು ಬೇರೆಯೇ ದಾರಿ ಹಿಡಿದಿತ್ತು. ಅಂಗಡಿಯವರು ಕೊಟ್ಟ ಪ್ಲೇಟು ಕಳಪೆಯಿರಬಹುದೆ? ಬೇರೆ ಮಾದರಿಯದನ್ನು ಕೊಟ್ಟರೆ? ಕಾರಿಗೇ ವಯಸ್ಸಾಯಿತಲ್ಲವೆ? ಹೀಗೆ ದೂರದವರ ಮೇಲೆಲ್ಲ ಸಂಶಯ ಹರಿಯಿತೇ ಹೊರತು, ನಿನ್ನೆ ಸಂಜೆ ಮಸಕು ಬೆಳಕಿನಲ್ಲಿ ಆಡಿದ ನಾಲ್ಕು ಕೈಗಳ ಮೇಲೆ ಹರಿಯಲಿಲ್ಲ.

ಮೊದಲು ಕೇಬಲನ್ನು ನೋಡಿದೆವು. ಪೆಡಲನ್ನು ಬೆರಳಿನಿಂದ ಒತ್ತಿದಾಗ ಬಿಗಿ ಹತ್ತುವ ಮೊದಲು ಅಂದಾಜು ಒಂದು ಅಂಗುಲದಷ್ಟು ಸಡಿಲವಿರಬೇಕು. ನಮ್ಮದರಲ್ಲಿ ಅರ್ಧದಾರಿಯೇ ಸಡಿಲವಿತ್ತು. ತುಳಿತದ ಬಲವೆಲ್ಲ ಸಡಿಲವನ್ನು ಎಳೆಯುವುದರಲ್ಲಿಯೇ ಮುಗಿದರೆ ಅಂಗೈಗಳು ಬಿಡುವುದೆಂತು? ಕೇಬಲಿನ ತುದಿಯ ನಟ್ಟನ್ನು ತಿರುವಿ ಒಂದು ಅಂಗುಲಕ್ಕೆ ತಂದೆವು. ಒಂದನೆಯ ಗೇರು ಗೊಣಗುತ್ತ ಬಿತ್ತು. ಆದರೆ ರಿವರ್ಸು ಮಾತ್ರ ಕಿರುಚಿತು. ಈ ರಿವರ್ಸ್ ಗೇರು ಬಹಳ ಸತ್ಯವಂತ ಸಾಕ್ಷಿ. ಮುಂದಿನ ಗೇರುಗಳಲ್ಲಿ ವೇಗವನ್ನು ಹೊಂದಿಸಿಕೊಡುವ ಸಿಂಕ್ರೊಮೆಶ್ ಎಂಬ ಏರ್ಪಾಡು ಇರುವುದರಿಂದ ಸಣ್ಣಪುಟ್ಟ ದೋಷಗಳು ಮುಚ್ಚಿಹೋಗುತ್ತವೆ. ರಿವರ್ಸಿಗೆ ಆ ಅನುಕೂಲವಿಲ್ಲ. ಪೆಡಲು ಪೂರ್ತಿ ತುಳಿದು ನಾಲ್ಕೈದು ಸೆಕೆಂಡು ಕಾದ ಮೇಲೂ ಅದು ಕಿರುಚಿದರೆ, ಒಳಗೆ ಪ್ಲೇಟು ಇನ್ನೂ ತಿರುಗುತ್ತಿದೆಯೆಂದೇ ಅರ್ಥ.

ಇಲ್ಲಿ ನಾವು ಒಂದು ದುಡುಕು ಮಾಡಿದೆವು. ನಟ್ಟನ್ನು ಇನ್ನೂ ತಿರುವಿದೆವು, ಮತ್ತೂ ತಿರುವಿದೆವು. ಪೆಡಲಿನ ಸಡಿಲ ಪೂರ್ತಿ ಮಾಯವಾಯಿತು. ರಿವರ್ಸಿನ ಕೂಗು ತಗ್ಗಿತು. ಗೆದ್ದೆವೆಂದು ಏರಿಗೆ ಹೊರಟರೆ ಕಾರು ಮೊದಲಿನಂತೆಯೇ ಜಾರಿತು. ಹೊಸ ಪ್ಲೇಟಿನಿಂದಲೇ ಸುಟ್ಟ ವಾಸನೆ! ಸಡಿಲವಿಲ್ಲದ ಕೇಬಲೆಂದರೆ ಸದಾ ಅರೆ ತುಳಿದ ಪೆಡಲಿದ್ದಂತೆ. ಅಂಗೈಗಳು ಪೂರ್ತಿ ಒತ್ತಲಾರವು, ಬೇರಿಂಗು ಬಿಡುವಿಲ್ಲದೆ ತಿರುಗಿ ಸಾಯುತ್ತದೆ. ಒಂದು ದೋಷವನ್ನು ಮುಚ್ಚಲು ಇನ್ನೊಂದನ್ನು ಹುಟ್ಟಿಸಿದ್ದೆವು. ಕಾರನ್ನು ಹಿಂದಕ್ಕೆ ಇಳಿಯಗೊಟ್ಟು ನಟ್ಟನ್ನು ಮೊದಲಿನ ಅಳತೆಗೆ ತಂದೆವು. ಬಿಡಿಸಲು ಹೋದರೆ ಜಾರುತ್ತದೆ, ಹಿಡಿಸಲು ಹೋದರೆ ಬಿಡುವುದಿಲ್ಲ. ಎರಡಕ್ಕೂ ಒಪ್ಪುವ ಒಂದು ಅಳತೆ ಕೇಬಲಿನಲ್ಲಿ ಸಿಗದಿದ್ದರೆ ರೋಗ ಕೇಬಲಿನದ್ದಲ್ಲ ಎಂಬುದನ್ನು ಆಗಲೇ ತಿಳಿಯಬೇಕಿತ್ತು.

ಶುಕ್ರವಾರ ಮತ್ತೊಂದು ಪರೀಕ್ಷೆ. ಮುಂದಿನ ಎರಡೂ ಚಕ್ರಗಳನ್ನು ಎತ್ತಿ, ಎಂಜಿನು ನಿಲ್ಲಿಸಿ, ಗೇರು ಹಾಕಿ, ಒಬ್ಬನು ಪೆಡಲು ತುಳಿದು ಇನ್ನೊಬ್ಬನು ಚಕ್ರ ತಿರುಗಿಸಿದರೆ ಅದು ಸಲೀಸಾಗಿ ತಿರುಗಿತು. ‘ಕ್ಲಚ್ಚು ಬಿಡುತ್ತಿದೆ’ ಎಂದು ಹಿಗ್ಗಿದೆವು. ಹತ್ತು ನಿಮಿಷದ ಬಳಿಕ ಆಚೆ ಬದಿಗೆ ಹೋಗಿ ನೋಡಿದಾಗ ಅತ್ತಣ ಚಕ್ರ ವಿರುದ್ಧ ದಿಕ್ಕಿಗೆ ತಿರುಗುತ್ತಿತ್ತು! ಡಿಫರೆನ್ಷಿಯಲ್ಲಿನ ಆಟವದು. ಎರಡೂ ಚಕ್ರಗಳು ಗಾಳಿಯಲ್ಲಿದ್ದರೆ ಕ್ಲಚ್ಚು ಹಿಡಿದಿದ್ದರೂ ಒಂದು ಅತ್ತ, ಒಂದು ಇತ್ತ ತಿರುಗಿ ನಮ್ಮನ್ನು ನಂಬಿಸುತ್ತವೆ. ಒಂದು ಚಕ್ರವನ್ನು ನೆಲದ ಮೇಲೆಯೇ ಬಿಟ್ಟು ಇನ್ನೊಂದನ್ನು ಮಾತ್ರ ಎತ್ತಿ ಪರೀಕ್ಷಿಸಬೇಕು. ಹಾಗೆ ಮಾಡಿದಾಗ ಚಕ್ರ ಮಿಸುಕಾಡಲಿಲ್ಲ. ಪೆಡಲು ತಳಮುಟ್ಟಿದೆ, ಕ್ಲಚ್ಚು ಬಿಟ್ಟಿಲ್ಲ.

ಉಳಿದದ್ದು ಹೊರಗಿನ ಕೊನೆಯ ಪರೀಕ್ಷೆ. ಕೇಬಲು ಪೂರ್ತಿ ಎಳೆಯುತ್ತಿದೆಯೇ? ಬಿಚ್ಚುವಾಗ ಅದನ್ನು ಹಗ್ಗದಿಂದ ಬದಿಗೆ ಕಟ್ಟಿದ್ದೆವು. ಅಲ್ಲಿ ಮಡಿಕೆ ಬಿದ್ದಿರಬಹುದು. ಮೊಮ್ಮಗಳ ಕಂಪಾಸು ಪೆಟ್ಟಿಗೆಯಿಂದ ಅಳತೆಪಟ್ಟಿ ತರಿಸಿ ತೋಳಿನ ತುದಿಗೆ ಹಿಡಿದೆವು. ಪೆಡಲು ತುಳಿದಂತೆಲ್ಲ ತೋಳು ಚೆನ್ನಾಗಿ ಚಲಿಸುತ್ತಿತ್ತು. ತೋಳನ್ನು ಅದರ ಶಾಫ್ಟಿಗೆ ಕೂರಿಸುವಾಗ ಒಂದು ಹಲ್ಲು ಆಚೀಚೆಯಾದರೂ ಇಂಥ ತೊಂದರೆ ಬರುತ್ತದೆಂದು ಮೇಸ್ತ್ರಿ ಹೇಳಿದ್ದನು. ಅದನ್ನೂ ನೋಡಿದೆವು, ಗುರುತಿಗೆ ಗುರುತು ಸರಿಯಾಗಿತ್ತು. ಹೊರಗಿನದ್ದೆಲ್ಲ ಮುಗಿಯಿತು. ಇನ್ನು ಒಳಗಿನದ್ದು. ಅಂದರೆ ಗೇರ್‌ಬಾಕ್ಸನ್ನು ಮತ್ತೊಮ್ಮೆ ಇಳಿಸಬೇಕು.

ಶನಿವಾರವಿಡೀ ಯಾರೂ ಸ್ಪ್ಯಾನರು ಮುಟ್ಟಲಿಲ್ಲ. ಬೇಸಾಯದ ಮೈಯಾದರೂ ಬೆನ್ನು ಸೋತಿತ್ತು. ಅದಕ್ಕಿಂತ ಮನಸ್ಸು ಸೋತಿತ್ತು. ಅಮ್ಮನ ಗಾಯಕ್ಕೆ ಪಟ್ಟಿ ಕಟ್ಟುವ ಕ್ರಮವನ್ನು ಊರಿನ ಆರೋಗ್ಯ ಕೇಂದ್ರದ ದಾದಿಯಿಂದ ಫೋನಿನಲ್ಲಿ ಕೇಳಿ ತಿಳಿದಿದ್ದ ಹಿರಿಸೊಸೆ, ಅಂದು ಹಳೆಯ ಪಟ್ಟಿ ಬಿಚ್ಚಿದವಳು, “ವಾಸನೆ ಬರಲಿಕ್ಕೆ ಸುರುವಾಗಿದೆ” ಎಂದು ಮೆಲ್ಲನೆ ಹೇಳಿದಳು. ಗುರುವಾರಕ್ಕೆ ಐದು ದಿನವಿತ್ತು. ಆ ರಾತ್ರಿ ನಮಗಿಬ್ಬರಿಗೂ ನಿದ್ದೆ ಬರಲಿಲ್ಲ.

ಭಾನುವಾರ ಮುಂಜಾನೆಯೇ ಬಿಚ್ಚಲು ತೊಡಗಿದೆವು. ಕೈಗಳು ದಾರಿ ಕಲಿತಿದ್ದುದರಿಂದ ಎರಡು ದಿನದ ಕೆಲಸ ಸಂಜೆಯೊಳಗೆ ಮುಗಿಯಿತು. ಪ್ರೆಶರ್ ಪ್ಲೇಟು ಕಳಚಿ ನಡುವಣ ಪ್ಲೇಟನ್ನು ಹಗಲು ಬೆಳಕಿಗೆ ಹಿಡಿದೆವು. ಅದರ ನಡುವಿನ ಸ್ಪ್ರಿಂಗುಗಳ ಉಬ್ಬಿನ ಮೇಲೆ ಬೆಳ್ಳಿಯಂತೆ ಹೊಳೆಯುವ ಒಂದು ಉಂಗುರದ ಗೀರು. ಫ್ಲೈವೀಲಿನ ಬೋಲ್ಟುಗಳ ತಲೆಯ ಮೇಲೆಯೂ ಅದೇ ಹೊಳಪು. ಪ್ರೆಶರ್ ಪ್ಲೇಟಿನ ಕಡೆಗೆ ಇರಬೇಕಾಗಿದ್ದ ಉಬ್ಬು ಫ್ಲೈವೀಲಿನ ಕಡೆಗೆ ತಿರುಗಿ ಬೋಲ್ಟುಗಳಿಗೆ ಉಜ್ಜುತ್ತಿತ್ತು. ಪ್ಲೇಟನ್ನು ತಿರುವುಮುರುವಾಗಿ ಇಟ್ಟಿದ್ದೆವು! ಯಾವ ಮುಖ ಯಾವ ಕಡೆಗೆಂಬುದನ್ನು ಅದರ ಮೇಲೆ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಅಚ್ಚೊತ್ತಿದ್ದರು. ಸಾವಿರಾರು ಉತ್ತರಪತ್ರಿಕೆಗಳಲ್ಲಿ ಮಕ್ಕಳ ಅಕ್ಷರದೋಷ ಹುಡುಕಿದ ಕಣ್ಣು ಆ ಎರಡು ಪದಗಳನ್ನು ಓದಿರಲಿಲ್ಲ. ಅಷ್ಟೇ ಸಾಲದೆಂಬಂತೆ, ಪ್ಲೇಟಿನ ಅಂಚಿನ ಮೇಲೆ ಗ್ರೀಸು ಮೆತ್ತಿದ ಹೆಬ್ಬೆರಳಿನ ಗುರುತೊಂದು ನಮ್ಮನ್ನೇ ನೋಡುತ್ತಿತ್ತು.

ಆಗ ಆದದ್ದನ್ನು ಬರೆಯಲು ಸಂಕೋಚವಾಗುತ್ತದೆ. ಆದರೂ ಬರೆಯಬೇಕು. “ನಾನು ಟಾರ್ಚು ಹಿಡಿದಿದ್ದೆ” ಎಂದನು ಒಬ್ಬನು. “ಟಾರ್ಚು ಹಿಡಿದದ್ದು ನಾನು” ಎಂದನು ಇನ್ನೊಬ್ಬನು. ಮಾತಿಗೆ ಮಾತು ಬೆಳೆಯಿತು. ಕ್ಲಚ್ಚಿನಿಂದ ಹೊರಟ ಮಾತು ತೋಟದ ಪಂಪಿಗೆ, ಪಂಪಿನಿಂದ ತಂದೆಯವರ ಆಸ್ಪತ್ರೆಯ ಖರ್ಚಿಗೆ, ಅಲ್ಲಿಂದ ಮೂವತ್ತು ವರ್ಷ ಹಿಂದಿನ ಒಂದು ಮದುವೆಯ ಲೆಕ್ಕಕ್ಕೆ ಹೋಯಿತು. ಐವತ್ತು ದಾಟಿದ ಇಬ್ಬರು ಗಂಡಸರು, ಮೈಗೆಲ್ಲ ಮಸಿ ಬಳಿದುಕೊಂಡು, ಎಳೆಯ ಹುಡುಗರಂತೆ ಕಚ್ಚಾಡಿದೆವು. ಕೊನೆಗೆ ಇಬ್ಬರೂ ಬಾಯಿ ಮುಚ್ಚಿ, ಒಬ್ಬನು ತೋಟಕ್ಕೂ ಒಬ್ಬನು ಕೆರೆಯ ಕಡೆಗೂ ನಡೆದೆವು.

ರಾತ್ರಿ ಊಟಕ್ಕೆ ಕುಳಿತಾಗ ಅಮ್ಮ ತಮ್ಮ ಕುರ್ಚಿಯಿಂದ ಕೇಳಿದರು: “ಇಬ್ಬರೂ ಟಾರ್ಚು ಹಿಡಿದದ್ದಾದರೆ ಪ್ಲೇಟು ಇಟ್ಟದ್ದು ಯಾರು ಮಕ್ಕಳೇ? ಗುಳಿಗನಾ?”

ಮನೆಯವರೆಲ್ಲ ನಕ್ಕರು. ನಮಗೂ ನಗು ಬಂತು. ಆದರೆ ಅಮ್ಮ ನಗಲಿಲ್ಲ.

“ಜನವರಿಯಲ್ಲಿ ನನ್ನ ಕಾಲಿಗೆ ತಾಗಿದ್ದು ಎಂದು, ನಾನು ನಿಮಗೆ ಹೇಳಿದ್ದು ಎಂದು, ಗೊತ್ತುಂಟಾ? ನಡುವೆ ಹತ್ತು ದಿನ. ಕೆಲಸದವರು ಇರುವಾಗ ಚಪ್ಪಲಿ ಹಾಕದೆ ತೋಟಕ್ಕೆ ಹೋದೆನೆಂದು ನೀವು ಬೈದೀರೆಂದು ಹೆದರಿ ಮುಚ್ಚಿಟ್ಟೆ. ಅರಶಿನ ಹಾಕಿ ಬಟ್ಟೆ ಕಟ್ಟಿ ಮೇಲೆ ಸೆರಗು ಎಳೆದೆ. ಅಂದು ಹೇಳಿದ್ದರೆ ಇಂದು ನಿಮಗೆ ಈ ಕಾರಿನ ಚಿಂತೆಯೇ ಇರುತ್ತಿರಲಿಲ್ಲ. ತಪ್ಪು ಮಾಡಿದ್ದಕ್ಕಿಂತ ಮುಚ್ಚಿಟ್ಟದ್ದೇ ನನ್ನನ್ನು ತಿಂದದ್ದು. ಯಾರು ಎಂದು ಕೇಳಿಕೊಂಡು ಕೂರಬೇಡಿ. ಎಲ್ಲಿ ಎಂದು ಗೊತ್ತಾಯಿತಲ್ಲ, ಸಾಕು.”

ನಾವು ತಲೆತಗ್ಗಿಸಿ ಉಂಡೆದ್ದೆವು. ಆ ಹತ್ತು ದಿನಗಳ ವಿಷಯ ನಮಗೆ ಅಂದಿನವರೆಗೆ ತಿಳಿದಿರಲಿಲ್ಲ.

ಸೋಮವಾರ ಸಾಬೂನಿನಿಂದ ಕೈ ತೊಳೆದುಕೊಂಡೇ ಪ್ಲೇಟು ಮುಟ್ಟಿದೆವು. ಗ್ರೀಸಿನ ಗುರುತನ್ನು ಪೆಟ್ರೋಲಿನ ಬಟ್ಟೆಯಿಂದ ಒರಸಿ ಮರಳುಕಾಗದದಿಂದ ಹಗುರವಾಗಿ ಉಜ್ಜಿದೆವು. ಇಲ್ಲದಿದ್ದರೆ ಕಾರು ಹೊರಡುವಾಗ ನಡುಗುತ್ತದೆ. ಅಕ್ಷರಗಳನ್ನು ಇಬ್ಬರೂ ಗಟ್ಟಿಯಾಗಿ ಓದಿ, ಮುಖ ಸರಿಯಿದೆಯೆಂದು ಇಬ್ಬರೂ ಒಪ್ಪಿದ ಮೇಲೆ ಇಟ್ಟೆವು. ಪ್ಲೇಟು ನಟ್ಟನಡುವೆ ಕೂರದಿದ್ದರೆ ಗೇರ್‌ಬಾಕ್ಸಿನ ಶಾಫ್ಟು ಒಳಗೆ ಹೋಗದು. ಮೊದಲ ಸಲ ಕಣ್ಣಂದಾಜಿನಿಂದ ಕೂರಿಸಿ, ಗಂಟೆಗಟ್ಟಲೆ ಒದ್ದಾಡಿದ್ದೆವು. ಈ ಸಲ ಬಿದಿರಿನ ಗೂಟವೊಂದನ್ನು ಕೆತ್ತಿ, ಅದಕ್ಕೆ ಟೇಪು ಸುತ್ತಿ ಶಾಫ್ಟಿನ ಗಾತ್ರಕ್ಕೆ ತಂದು, ಪ್ಲೇಟಿನ ಹಲ್ಲಿನಲ್ಲಿಯೂ ಅದರ ಹಿಂದಿನ ಕುಳಿಯಲ್ಲಿಯೂ ನಿಲ್ಲಿಸಿ, ಆಮೇಲೆ ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದೆವು.

ಆದರೂ ಗೇರ್‌ಬಾಕ್ಸು ಎತ್ತಿ ಕೂರಿಸುವಾಗ ಎಂಜಿನಿಗೂ ಅದಕ್ಕೂ ನಡುವೆ ಒಂದು ಬೆರಳಿನ ಎಡೆ ಉಳಿಯಿತು. ಉದ್ದನೆಯ ಬೋಲ್ಟು ಹಾಕಿ ಬಿಗಿಯುತ್ತ ಎಳೆದರೆ ಕೂತೀತೆಂಬ ಆಸೆ ಯಾರಿಗೂ ಹುಟ್ಟುವಂಥದೇ. ಅದು ಬಹಳ ಕೆಟ್ಟ ಆಸೆ. ಅಲ್ಯೂಮಿನಿಯಮಿನ ಕಿವಿ ಮುರಿದರೆ, ಅಥವಾ ಪ್ಲೇಟಿನ ನಡುಭಾಗ ಬಾಗಿದರೆ ಎಲ್ಲವೂ ಹಾಳು. ಮೇಸ್ತ್ರಿ ಹೇಳಿದಂತೆ ಗೇರು ಹಾಕಿಟ್ಟು, ಡ್ರೈವ್ ಶಾಫ್ಟಿನ ಕಡೆಯಿಂದ ತುಸುತುಸುವೇ ತಿರುಗಿಸುತ್ತ, ತಳ್ಳದೆ ಅಲುಗಿಸುತ್ತ ಹೋದಾಗ ಹಲ್ಲಿಗೆ ಹಲ್ಲು ಕೂಡಿ ಟಕ್ಕೆಂದು ತಾನಾಗಿ ಕುಳಿತಿತು. ಮರುದಿನ ಬಿಸು. ಬೆಳಗ್ಗೆ ಕಣಿ ಕಂಡು, ಹಿರಿಯರ ಕಾಲಿಗೆ ಬಿದ್ದು, ಪಾಯಸ ಉಂಡು ಉಳಿದ ಬೋಲ್ಟುಗಳನ್ನು ಬಿಗಿದೆವು.

ಸಂಜೆ ಎಂಜಿನು ಎಬ್ಬಿಸಿದಾಗ ಒಂದನೆಯ ಗೇರು ಬಿತ್ತು, ಎರಡನೆಯದು ಬಿತ್ತು. ಉಸಿರು ಬಿಗಿಹಿಡಿದು ರಿವರ್ಸು ಹಾಕಿದೆವು, ಸದ್ದಿಲ್ಲ. ಆದರೆ ಕಾಲು ಪೆಡಲಿನಿಂದ ತೆಗೆದು ನ್ಯೂಟ್ರಲ್ಲಿನಲ್ಲಿ ಬಿಟ್ಟಾಗ ಒಳಗಿನಿಂದ ಒಂದು ಒಣ ಗೊರಗೊರ ಕೇಳಿಸುತ್ತಿತ್ತು. ಪೆಡಲು ತುಳಿದರೆ ನಿಲ್ಲುತ್ತಿತ್ತು. ಇದನ್ನು ನೆನಪಿಡಬೇಕು: ತುಳಿದಾಗ ಹುಟ್ಟುವ ಸದ್ದು ಸಾಮಾನ್ಯವಾಗಿ ರಿಲೀಸ್ ಬೇರಿಂಗಿನದು, ತುಳಿದಾಗ ನಿಲ್ಲುವ ಸದ್ದು ಗೇರ್‌ಬಾಕ್ಸಿನೊಳಗಿನದು. ಎಂಜಿನು ನಿಲ್ಲಿಸಿ, ಗೇರ್‌ಬಾಕ್ಸಿನಲ್ಲಿ ಏನನ್ನು ಕೆಡಿಸಿದೆವೋ ಎಂದು ಚಿಂತಿಸುತ್ತ ಕುಳಿತಿದ್ದಾಗ, ಕೊಟ್ಟಿಗೆಯಿಂದ ಬರುತ್ತಿದ್ದ ಹಿರಿಸೊಸೆ ಕೇಳಿದಳು: “ಹಾಳೆ ಮುಚ್ಚಿದ ಆ ಡಬ್ಬಿಯಲ್ಲಿ ಇರುವುದು ಎಂತದು? ಕರು ಮಗುಚಿ ಹಾಕೀತು.”

ಅದು ಗೇರ್ ಎಣ್ಣೆ! ಭಾನುವಾರ ಬಿಚ್ಚುವಾಗ ಇಳಿಸಿ, ಹೊಸದು ಸಿಗದೆಂದು ಬಿಳಿಯ ಬಟ್ಟೆಯಲ್ಲಿ ಸೋಸಿ, ಕಸ ಬೀಳದಂತೆ ಮುಚ್ಚಿಟ್ಟಿದ್ದೆವು. ಎಚ್ಚರದಿಂದ ಇಟ್ಟದ್ದನ್ನು ಅಷ್ಟೇ ಪೂರ್ಣವಾಗಿ ಮರೆತಿದ್ದೆವು. ಎಣ್ಣೆಯಿಲ್ಲದೆ ಪೇಟೆಗೆ ಹೋಗಿದ್ದರೆ ದಾರಿಯಲ್ಲಿಯೇ ಗೇರ್‌ಬಾಕ್ಸು ಸುಟ್ಟುಹೋಗುತ್ತಿತ್ತು, ಹಿಂದಿನ ಸೀಟಿನಲ್ಲಿ ಅಮ್ಮನಿರುತ್ತಿದ್ದರು. ತುಂಬುವ ರಂಧ್ರದ ಅಂಚಿನಿಂದ ಜಿನುಗುವವರೆಗೆ ಎಣ್ಣೆ ಹೊಯ್ದು ಮುಚ್ಚಿದೆವು. ಗೊರಗೊರ ನಿಂತಿತು. ಈ ಸಲ ‘ಮರೆತದ್ದು ಯಾರು’ ಎಂದು ಇಬ್ಬರೂ ಕೇಳಲಿಲ್ಲ.

ಬುಧವಾರ ಏರನ್ನು ನಾಲ್ಕು ಸಲ ಹತ್ತಿಳಿದೆವು. ಗುರುವಾರ ಬೆಳಗ್ಗೆ ಅಮ್ಮನನ್ನು ಕೂರಿಸಿಕೊಂಡು ಹೊರಟೆವು. ಏರಿನ ನಡುವೆ, ಹಿಂದೆ ನಿಂತಿದ್ದ ಜಾಗ ಬಂದಾಗ ಯಾರೂ ಮಾತಾಡಲಿಲ್ಲ. ಕಾರು ಗುರ್ರೆಂದು ಹತ್ತಿ ಡಾಮರಿಗೆ ಸೇರಿತು. ಚೆರ್ಕಳದಲ್ಲಿ ಪೊಲೀಸರು ತಡೆದು ವೈದ್ಯರ ಚೀಟಿ ನೋಡಿ ಬಿಟ್ಟರು. ವೈದ್ಯರು ತಡವಾಯಿತೆಂದು ಗದರಿದರು. ಕೊಳೆತ ಭಾಗವನ್ನು ಕತ್ತರಿಸಿ ತೆಗೆದರು, ಔಷಧ ಬದಲಾಯಿಸಿದರು, ವಾರಕ್ಕೆರಡು ಸಲ ಬರಹೇಳಿದರು. ವಾರಕ್ಕೆರಡು ಸಲ ಹೋದೆವು. ಒಂದು ಬೆರಳನ್ನು ಕಳೆದುಕೊಳ್ಳಬೇಕಾಯಿತು, ಪಾದ ಉಳಿಯಿತು. ಆಟಿಯ ಮಳೆ ಮುಗಿಯುವಷ್ಟರಲ್ಲಿ ಅಮ್ಮ ಊರುಗೋಲು ಹಿಡಿದು ಜಗಲಿಯಿಂದ ಅಂಗಳಕ್ಕೆ ಇಳಿದರು.

ಗ್ಯಾರೇಜು ತೆರೆದ ಮೇಲೆ ಮೇಸ್ತ್ರಿ ಒಂದು ದಿನ ಬಂದು ಕಾರು ಓಡಿಸಿ ನೋಡಿದನು. ಕೇಬಲನ್ನು ಅರ್ಧ ಸುತ್ತು ಸಡಿಲಿಸಿದನು, ಕೈಬಿಗಿಯಲ್ಲೇ

ಉಳಿದುಹೋಗಿದ್ದ ಒಂದು ಬೋಲ್ಟನ್ನು ಹುಡುಕಿ ಬಿಗಿದನು. “ಪಾಸು ಮಾಡಬಹುದು ಮಾಸ್ಟ್ರೇ. ಆದರೆ ಫಸ್ಟ್ ಕ್ಲಾಸ್ ಇಲ್ಲ” ಎಂದು ಚಹಾ ಕುಡಿದು ಹೋದನು.

ಮನೆಯಲ್ಲಿ ಇಂಥ ಕೆಲಸಕ್ಕೆ ಇಳಿಯುವವರಿಗೆ ನಮ್ಮ ಸಲಹೆ ಇಷ್ಟೆ. ಹಗಲಿನಲ್ಲಿ ಮಾಡಿರಿ. ಇಡುವ ಮೊದಲು ಅಚ್ಚೊತ್ತಿದ ಅಕ್ಷರವನ್ನು ಓದಿರಿ. ಮಾಡಿದ್ದನ್ನು ಒಂದು ಕಾಗದದಲ್ಲಿ ಸಾಲಾಗಿ ಬರೆದಿಟ್ಟುಕೊಳ್ಳಿರಿ. ದೋಷ ಕಂಡಾಗ ಆ ಸಾಲನ್ನು ಕೆಳಗಿನಿಂದ ಮೇಲಕ್ಕೆ ಓದಿರಿ. ಅಂಗಡಿಯವನನ್ನು ಸಂಶಯಿಸುವ ಮುನ್ನ ನಿಮ್ಮ ಕೈಗಳನ್ನು ಸಂಶಯಿಸಿರಿ. ಸಡಿಲವನ್ನು ಬಿಗಿದು ದೋಷವನ್ನು ಮುಚ್ಚದಿರಿ.

ಅಮ್ಮ 2023ರಲ್ಲಿ ತೀರಿಕೊಂಡರು. ಕೊನೆಯವರೆಗೂ ತಮ್ಮ ಕಾಲ ಮೇಲೆ ನಡೆದರು. ಹಳೆಯ ಕ್ಲಚ್ ಪ್ಲೇಟು ಕೊಟ್ಟಿಗೆಯ ಗೋಡೆಯ ಮೊಳೆಯಲ್ಲಿ ಈಗಲೂ ತೂಗುತ್ತಿದೆ. ಅದನ್ನು ಕಂಡ ನೆಂಟರು ಕೆಲವೊಮ್ಮೆ ಕತೆ ಕೇಳಿ, ಕೊನೆಗೆ, “ಅಲ್ಲ, ತಿರುಗುಮುರುಗಾಗಿ ಇಟ್ಟದ್ದು ನಿಮ್ಮಲ್ಲಿ ಯಾರು?” ಎಂದು ಕೇಳುವುದುಂಟು. ನಮ್ಮಲ್ಲಿ ಒಬ್ಬನಿಗೆ ಅದು ಚೆನ್ನಾಗಿ ಗೊತ್ತಿದೆ. ಬಿಸುವಿನ ರಾತ್ರಿಯೇ ಅವನು ಇನ್ನೊಬ್ಬನಿಗೆ ಹೇಳಿಯೂ ಆಗಿದೆ. ನೆಂಟರಿಗೆ ಮಾತ್ರ ನಾವು “ನಾವು” ಎಂದೇ ಹೇಳುತ್ತೇವೆ.